ತಾಮ್ರದ ಕೊಳವೆಗೊಂದು ಶ್ರೀಕಾರ

ಬಿಸಿಯಾದದ್ದೆಲ್ಲ ಒಂದು ದಿನ ತಣಿಯಬೇಕು, ತಣಿದದ್ದೆಲ್ಲ ಕುಗ್ಗಬೇಕು. ನಕ್ಷತ್ರಗಳಾಗಲಿ ಸಾಮ್ರಾಜ್ಯಗಳಾಗಲಿ ಈ ನಿಯಮವನ್ನು ಮೀರಿದ್ದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ನಕ್ಷತ್ರಗಳ ವಿಷಯ ನನಗೆ ತಿಳಿಯದು. ಉಕ್ಕು ತಣಿದಾಗ ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೊಟ್ಟೆ ಹೊರೆದವನು ನಾನು. ಆ ಹೊಟ್ಟೆಯಂತೂ ಈ ನಿಯಮಕ್ಕೆ ಇಂದಿನವರೆಗೂ ಸೊಪ್ಪು ಹಾಕಿಲ್ಲ.

ಕೆಲಸ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಹೆಂಡತಿಯ ಕಡೆಯವರು ಇಷ್ಟು ವರ್ಷ ಕೇಳಿಸಿಕೊಂಡ ಮೇಲೂ "ಇವರದು ಪೈಪ್ ಬಿಸಿನೆಸ್" ಎಂದೇ ಪರಿಚಯ ಮಾಡಿಕೊಡುತ್ತಾರೆ. ಕರಗಿದ ಉಕ್ಕನ್ನು ಮೇಲಿನಿಂದ ಎಡೆಬಿಡದೆ ಸುರಿಯುತ್ತಿದ್ದರೆ ಕೆಳಗಿನಿಂದ ಚೌಕನೆಯ ಕೆಂಪು ದಿಮ್ಮಿಯಾಗಿ ಎಡೆಬಿಡದೆ ಇಳಿದು ಬರುವಂಥ ಯಂತ್ರವೊಂದಿದೆ. ಆ ದಿಮ್ಮಿಗೆ ಬಿಲ್ಲೆಟ್ ಎನ್ನುತ್ತಾರೆ. ಅದನ್ನೇ ಮತ್ತೆ ಕಾಯಿಸಿ, ಉರುಳೆಗಳ ನಡುವೆ ತೀಡಿ, ಮನೆ ಕಟ್ಟುವ ಕಬ್ಬಿಣ ಮಾಡುತ್ತಾರೆ. ಬಿಟಿಎಂ ಲೇಔಟಿನ ಪಿಜಿಗಳು ಒಂದರ ಮೇಲೊಂದು ಮಹಡಿ ಹೇರಿಕೊಂಡೂ ನಿಂತಿರುವುದು ಈ ಕಬ್ಬಿಣದ ದಯೆಯಿಂದ.

ಯಂತ್ರದ ನೆತ್ತಿಯಲ್ಲಿ, ಉಕ್ಕು ಮೊದಲು ಬಂದು ಬೀಳುವ ಜಾಗದಲ್ಲಿ, ಒಂದು ತಾಮ್ರದ ಕೊಳವೆ ಕೂತಿರುತ್ತದೆ. ಎರಡು ಮೊಳಕ್ಕೆ ತುಸು ಕಡಿಮೆ ಉದ್ದ, ಅಂಗೈ ಅಗಲಿಸಿದಷ್ಟು ಚೌಕದ ಬಾಯಿ, ಬಿಲ್ಲಿನಂತೆ ಒಂದು ಕಡೆಗೆ ತುಸು ಬಾಗಿದ ಮೈ, ಒಳಗೋಡೆಗೆ ಕ್ರೋಮಿನ ಲೇಪ. ಉಕ್ಕಿಗಿಂತ ಎಷ್ಟೋ ಮೊದಲೇ ಕರಗಿಹೋಗುವ ಲೋಹ ತಾಮ್ರ. ಅದರೊಳಗೆ ಕರಗಿದ ಉಕ್ಕನ್ನು ಸುರಿಯುತ್ತೇವೆ, ಅದು ಕರಗುವುದಿಲ್ಲ. ಕಾರಣ, ಹೊರಮೈಗೆ ಅಂಟಿಕೊಂಡಂತೆ ರಭಸದಿಂದ ಹರಿಯುವ ನೀರು. ಒಳಗೆ ಬೆಂಕಿ, ಹೊರಗೆ ನೀರು, ನಡುವೆ ಬೆರಳಗಲದ ತಾಮ್ರ. ಇಷ್ಟರ ಮೇಲೆ ವಿಶ್ವಾಸವಿಟ್ಟು ಪಕ್ಕದಲ್ಲಿ ಮನುಷ್ಯರು ನಿಂತು ಕೆಲಸ ಮಾಡುತ್ತಾರೆ.

ಕೊಳವೆಯ ಒಳಗೆ ಉಕ್ಕಿನ ಹೊರಮೈ ಮೊದಲು ಗಟ್ಟಿಯಾಗಿ ಚರ್ಮ ಕಟ್ಟುತ್ತದೆ. ಕಟ್ಟಿದ ಕೂಡಲೇ ಕುಗ್ಗುತ್ತದೆ. ಇಡ್ಲಿ ತಣಿದಾಗ ಅಂಚು ತಟ್ಟೆಯಿಂದ ಬಿಟ್ಟುಕೊಳ್ಳುತ್ತದಲ್ಲ, ಹಾಗೆ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಇಡ್ಲಿಯ ವಿಷಯದಲ್ಲಿ ಇದು ಸಂತೋಷದ ಸಂಗತಿ. ಉಕ್ಕಿನಲ್ಲಿ ಆ ಸಂದು ಬಿತ್ತೆಂದರೆ ಶಾಖ ಹೊರಗೆ ಹೋಗುವುದಿಲ್ಲ, ಚರ್ಮ ತೆಳ್ಳಗಾಗುತ್ತದೆ, ಹರಿದರೆ ಒಳಗಿನ ದ್ರವವೆಲ್ಲ ಹೊರಗೆ. ಆದ್ದರಿಂದ ಕೊಳವೆಯನ್ನು ಕೆಳಗೆ ಹೋಗುತ್ತ ಹೋಗುತ್ತ ಕಿರಿದು ಮಾಡಬೇಕು, ಉಕ್ಕು ಕುಗ್ಗಿದಷ್ಟೇ ಗೋಡೆಯೂ ಒಳಗೆ ಸರಿಯುವ ಹಾಗೆ. ಇದಕ್ಕೆ ಟೇಪರ್ ಎನ್ನುತ್ತೇವೆ. ಕಡಿಮೆಯಾದರೆ ಸಂದು, ಹೆಚ್ಚಾದರೆ ಉಕ್ಕು ಗೋಡೆಗೆ ಉಜ್ಜಿ ಕ್ರೋಮ್ ಕಿತ್ತುಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ವ್ಯತ್ಯಾಸವನ್ನು ಹುಡುಕುವುದರಲ್ಲೇ ಒಬ್ಬ ಮನುಷ್ಯ ತನ್ನ ಆಯಸ್ಸು ಕಳೆಯಬಹುದು. ಹಾಗೆ ಕಳೆದವರೊಬ್ಬರ ಕೈಕೆಳಗೆ ನಾನಿದ್ದೆ. ಅವರನ್ನು ಇಲ್ಲಿ ಹಿರಿಯರು ಎಂದೇ ಕರೆಯುತ್ತೇನೆ.

ಹಿರಿಯರ ಮನೆ ಜಯನಗರದಲ್ಲಿ, ಹೊಂಗೆ ಮರಗಳಿರುವ ಒಂದು ಅಡ್ಡರಸ್ತೆಯಲ್ಲಿ. ಮನೆಯ ಮುಂದಿನ ಕೋಣೆಯೇ ಆಫೀಸು. ಮನೆಯ ಹಾಲ್‌ಗೆ ಬಿಸಿಲು ಬೀಳುತ್ತಿರಲಿಲ್ಲ, ತಾಮ್ರ ಬಿಸಿಯಾಗಿ ಹಿಗ್ಗುತ್ತಿರಲಿಲ್ಲ, ಹಾಗಾಗಿ ಕೊಳವೆ ಅಳೆಯಲು ಅದಕ್ಕಿಂತ ಪ್ರಶಸ್ತ ಸ್ಥಳ ನಗರದಲ್ಲೇ ಇಲ್ಲ ಎಂಬುದು ಅವರ ತೀರ್ಮಾನ. ಲೇಪ ಮುಗಿದ ಕೊಳವೆ ಗೂಡ್ಸ್ ಆಟೋದಲ್ಲಿ ಬರುತ್ತಿತ್ತು. ಇಬ್ಬರು ಹೊತ್ತು ತಂದು, ಟೀಪಾಯಿ ಸರಿಸಿ, ಹಾಲಿನ ನಡುವೆ ನಿಲ್ಲಿಸುತ್ತಿದ್ದರು. ಹಿರಿಯರು ಮೇಲಿನಿಂದ ಗೇಜು ಇಳಿಸಿ ಒಂದೊಂದೇ ಮಟ್ಟದಲ್ಲಿ ಅಳತೆ ಹೇಳುವರು, ನಾನು ಬರೆದುಕೊಳ್ಳುವೆ. ಲೇಪದವರು ತಾವೇ ಅಳೆದು ಕಳಿಸಿದ ಅಳತೆಯನ್ನು ಅವರು ಗೌರವದಿಂದ ಪಕ್ಕಕ್ಕಿಡುತ್ತಿದ್ದರು.

ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ವಾಕಿಂಗ್ ಮುಗಿಸಿ ಬರುವಾಗ ಗೇಟಿನಲ್ಲಿ ಇಣುಕುವರು.

"ಪ್ಯೂರ್ ತಾಮ್ರಾನಾ ಸಾರ್?"

"ಹೆಚ್ಚುಕಮ್ಮಿ ಪ್ಯೂರೇ. ಚೂರು ಬೆಳ್ಳಿ ಇದೆ."

"ಬೆಳ್ಳಿ ಬೇರೆ! ಇದರಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೇಲಿ ಕುಡಿದುಬಿಟ್ರೆ ಶುಗರ್ರು, ಬೀಪಿ, ಏನೂ ಇರಲ್ಲ ನೋಡಿ."

"ಇದಕ್ಕೆ ತಳ ಇಲ್ಲ ಸಾರ್," ಎಂದು ಹಿರಿಯರು ವಿಷಾದದಿಂದ ಹೇಳುವರು. "ಅದೊಂದೇ ಕೊರತೆ."

ಹಿರಿಯರ ಪತ್ನಿಗೆ ನಾನು ಅಮ್ಮ ಎನ್ನುತ್ತಿದ್ದೆ. ಹೊಸ ವಿನ್ಯಾಸದ ಮೊದಲ ಕೊಳವೆ ಬಂದ ದಿನ ಅವರದೊಂದು ಪದ್ಧತಿ ಇತ್ತು. ಅಳತೆ ಮುಗಿಯುವವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಬಟ್ಟಲಲ್ಲಿ ನೀರು ಬೆರೆಸಿದ ಕುಂಕುಮ ತಂದು, ಉಂಗುರದ ಬೆರಳಿನಿಂದ ಕೊಳವೆಯ ಹೊರಮೈ ಮೇಲೆ 'ಶ್ರೀ' ಎಂದು ಬರೆಯುವರು. ಬರೆಯುವುದು ಯಾವಾಗಲೂ ಮೇಲುಗಡೆ, ಬಾಯಿಂದ ಒಂದು ಗೇಣು ಕೆಳಗೆ. ಕೊಳವೆಗೂ ಹಣೆ ಎಂಬುದೊಂದಿದ್ದರೆ ಅದು ಅಲ್ಲೇ ಎಂದು ಅವರು ನಿರ್ಧರಿಸಿದ್ದರು.

ಹಿರಿಯರಿಗೆ ದೇವರೊಂದಿಗೆ ಅಂಥ ಒಡನಾಟವಿರಲಿಲ್ಲ. ರಾಹುಕಾಲದಲ್ಲೇ ಮೀಟಿಂಗ್ ಇಡುತ್ತಿದ್ದವರು. ಆಗ ಯಾರೂ ಫೋನ್ ಮಾಡಿ ತೊಂದರೆ ಕೊಡುವುದಿಲ್ಲ ಎಂಬುದು ಕಾರಣ. "ನೀರು ಹೊಡೆಯೋ ರಭಸಕ್ಕೆ ಅದು ಒಂದು ಕ್ಷಣಾನೂ ನಿಲ್ಲಲ್ಲ ಕಣೇ," ಎನ್ನುವರು.

"ನಿಲ್ಲಬೇಕಾದ್ದು ಕುಂಕುಮ ಅಲ್ಲಾರೀ, ನಿಮ್ಮ ಕೊಳವೆ," ಎಂದು ಅಮ್ಮ ಕೈ ತೊಳೆದುಕೊಳ್ಳಲು ಹೋಗುವರು. ಈ ಸಂಭಾಷಣೆ ಪ್ರತಿ ಸಲವೂ ಇದೇ ಶಬ್ದಗಳಲ್ಲಿ ನಡೆಯುತ್ತಿತ್ತು. ಯಾರೂ ಯಾರನ್ನೂ ಒಪ್ಪಿಸಲು ಪ್ರಯತ್ನಿಸುತ್ತಿರಲಿಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಹಿರಿಯರು ಕೆಲಕಾಲ ಆಫೀಸಿನ ಬಾಗಿಲು ತೆರೆಯಲಿಲ್ಲ. ತೆರೆದ ದಿನ ನನ್ನನ್ನು ಕರೆಸಿ, ಒಂದೇ ಒಂದು ಕೆಲಸ ಬಾಕಿ ಇದೆ, ಅದು ಮುಗಿದರೆ ಮುಚ್ಚಿಬಿಡೋಣ ಎಂದರು.

ಆ ಒಂದು ಕೆಲಸ ಅವರ ಹೊಸ ಟೇಪರ್. ನಗರದಿಂದ ಎರಡು ಗಂಟೆ ದೂರದ ಒಂದು ಉಕ್ಕಿನ ಕಾರ್ಖಾನೆ ಹಳೆಯ ನೇರ ಟೇಪರಿನ ಕೊಳವೆಗಳನ್ನೇ ಬಳಸುತ್ತಿತ್ತು. ಯಂತ್ರವನ್ನು ವೇಗವಾಗಿ ಓಡಿಸಹೋದರೆ ಉಕ್ಕಿನ ಚರ್ಮ ಹರಿಯುತ್ತಿತ್ತು. ಒಮ್ಮೆ ಹಾಗೆ ಹರಿದಾಗ ಕೆಳಗೆ ನಿಂತಿದ್ದ ಒಬ್ಬನ ಕಾಲು ಸುಟ್ಟಿತ್ತು. ಉಕ್ಕು ಮೇಲ್ಭಾಗದಲ್ಲಿ ಬೇಗ ಕುಗ್ಗುತ್ತದೆ, ಕೆಳಗೆ ನಿಧಾನ. ಆದ್ದರಿಂದ ಗೋಡೆಯೂ ನೇರ ಗೆರೆಯಲ್ಲಿ ಅಲ್ಲ, ಬಾಗಿದ ಗೆರೆಯಲ್ಲಿ ಕಿರಿದಾಗಬೇಕು. ಹೊರದೇಶದವರು ಇದನ್ನು ಎಂದೋ ಮಾಡಿದ್ದಾರೆ. ಆದರೆ ಅವರ ಉಕ್ಕು ಅವರದು. ನಮ್ಮವರು ಗುಜರಿ ಕರಗಿಸುವವರು. ಸೈಕಲ್ಲು, ಬೀರು, ಮುರಿದ ಗೇಟು, ಎಲ್ಲ ಒಟ್ಟಿಗೆ ಬೆಂದು ಆಗುವ ಉಕ್ಕಿನ ಕುಗ್ಗುವ ಬಗೆಯೇ ಬೇರೆ. ಆ ಉಕ್ಕಿಗೆಂದೇ ಹಿರಿಯರು ಬಾಗು ಲೆಕ್ಕ ಹಾಕಿದ್ದರು. ಕಾರ್ಖಾನೆ ಒಂದು ಪರೀಕ್ಷೆಗೆ ಒಪ್ಪಿತ್ತು. ಗೆದ್ದರೆ ಅಲ್ಲಿ ದಿಮ್ಮಿ ಇಳಿದು ಬರುವ ಮೂರು ಸಾಲುಗಳಿಗೂ ಇವರ ಕೊಳವೆ. ಸೋತರೆ ಹೊರದೇಶದ್ದನ್ನು ತರಿಸುತ್ತಾರೆ, ಹಿರಿಯರ ಕೊನೆಯ ಲೆಕ್ಕ ತಪ್ಪು ಎಂಬಲ್ಲಿಗೆ ಅವರ ವೃತ್ತಿ ಮುಗಿಯುತ್ತದೆ.

ಕೊಳವೆ ಬಂತು, ಹಾಲಿನಲ್ಲಿ ನಿಂತಿತು, ಅಳೆದೆವು. ಅಳತೆ ಸರಿಯಾಗಿತ್ತು. ಅಡುಗೆಮನೆಯ ಬಾಗಿಲ ಕಡೆ ಇಬ್ಬರೂ ನೋಡಲಿಲ್ಲ. ನಾನು ಸಂಜೆ ಮನೆಗೆ ಹೋದೆ. ಮರುದಿನ ಬರುವಷ್ಟರಲ್ಲಿ ಮರದ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು.

ಪರೀಕ್ಷೆಯ ದಿನ ನಾನೊಬ್ಬನೇ ಹೋದೆ. ಹಿರಿಯರಿಗೆ ಮಂಡಿ ನೋವು, ಕಾರ್ಖಾನೆಯ ಕಬ್ಬಿಣದ ಮೆಟ್ಟಿಲು ಹತ್ತಲಾಗದು. ಕಾಸ್ಟಿಂಗ್ ವಿಭಾಗದ ಮುಖ್ಯಸ್ಥ ನಲವತ್ತು ದಾಟಿದ ದಪ್ಪ ಮನುಷ್ಯ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ನೀಲಿ ಗಾಜಿನ ಕನ್ನಡಕ. ಕೊಳವೆಯನ್ನು ಹಿಂದಿನ ದಿನವೇ ನೀರಿನ ಕವಚದೊಳಗೆ ಕೂರಿಸಿ ಸಿದ್ಧ ಮಾಡಿಸಿದ್ದರು.

ಉಕ್ಕು ಬಿತ್ತು. ಮೊದಲ ಸ್ವಲ್ಪ ಹೊತ್ತು ಎಲ್ಲ ನೆಟ್ಟಗಿತ್ತು. ಆಮೇಲೆ ಕೆಳಗೆ ಬಿಲ್ಲೆಟ್ ಕತ್ತರಿಸುವ ಕಡೆಯಿಂದ ಯಾರೋ ಕೈ ಬೀಸಿದರು. ಇಬ್ಬರೂ ಇಳಿದು ಹೋಗಿ ನೋಡಿದೆವು. ಚೌಕ ವಾಲಿತ್ತು. ಎದುರುಬದುರು ಮೂಲೆಗಳ ನಡುವಿನ ಅಳತೆ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಒಂದು ಗೋಡೆ ಶಾಖವನ್ನು ಸರಿಯಾಗಿ ಎಳೆದುಕೊಳ್ಳದಿದ್ದರೆ ಹೀಗಾಗುತ್ತದೆ: ಆ ಕಡೆಯ ಚರ್ಮ ತೆಳ್ಳಗೆ ಉಳಿದು, ಉಳಿದ ಮೂರು ಕಡೆಗಳು ಅದನ್ನು ಜಗ್ಗುತ್ತವೆ.

ಮುಖ್ಯಸ್ಥರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನ್ ಸಾರ್ ಇದು, ಬಿಲ್ಲೆಟ್ಟಾ, ಕಾಜು ಬರ್ಫೀನಾ?"

ಅವರು ನಗಲಿಲ್ಲ. ಮೇಲಕ್ಕೆ ಕೂಗಿ ಆ ಸಾಲನ್ನು ಮುಚ್ಚಿಸಿದರು. "ಹರಿಯೋ ತನಕ ಕಾಯೋಕಾಗಲ್ಲ ಸಾರ್. ಕೆಳಗೆ ನಮ್ ಹುಡುಗ್ರಿದಾರೆ." ಅದು ನ್ಯಾಯವಾದ ಮಾತು.

ಮಧ್ಯಾಹ್ನ ಊಟದ ನಂತರ ಕೊಳವೆಯನ್ನು ಕವಚದಿಂದ ಹೊರತೆಗೆಸಿದೆ. ನೀರು ಸೋರಿಹೋಗಿ ತಾಮ್ರ ಹೊರಗೆ ಬಂದಾಗ ಒಂದು ಮುಖದ ಮೇಲುಗಡೆ, ಬಾಯಿಂದ ಒಂದು ಗೇಣು ಕೆಳಗೆ, ಕಪ್ಪಗೆ ಸುಟ್ಟ ಅಕ್ಷರವೊಂದು ಕಂಡಿತು. ಶ್ರೀ. ಕೆರೆದು ನೋಡಿದೆ. ಕಪ್ಪಿನ ಅಡಿಯಲ್ಲಿ ಕೆಂಪು ಇತ್ತು. ಬಾಗಿಲು ಕಿಟಕಿಗೆ ಬಳಿಯುವ ಎನಾಮಲ್ ಪೇಂಟು, ಬ್ರಷ್ಷಿನಲ್ಲಿ ದಪ್ಪಗೆ ಬಳಿದದ್ದು. ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಅದೇ ಜಾಗದಲ್ಲಿ ಕ್ರೋಮ್ ಹಳೆಯ ಪಿಂಗಾಣಿಯ ಹಾಗೆ ಸಣ್ಣಗೆ ಬಿರುಕು ಬಿಟ್ಟಿತ್ತು.

ಉಕ್ಕಿನ ಮಟ್ಟ ಕೊಳವೆಯೊಳಗೆ ನಿಲ್ಲುವುದು ಅಲ್ಲಿಯೇ. ಇಡೀ ಕೊಳವೆಯಲ್ಲಿ ಅತ್ಯಂತ ಬಿಸಿಯಾದ ಜಾಗ ಅದು. ನೀರು ತಾಮ್ರವನ್ನು ನೇರವಾಗಿ ಮುಟ್ಟಲೇಬೇಕಾದ ಜಾಗ. ಅಲ್ಲಿ ಪೇಂಟು ಬಳಿಯುವುದೆಂದರೆ ಜ್ವರ ಏರಿದವನಿಗೆ ಒದ್ದೆ ಬಟ್ಟೆಯ ಬದಲು ರಗ್ಗು ಹೊದಿಸಿದಂತೆ. ಅಮ್ಮ ಹಣೆ ಎಂದು ಗುರುತಿಸಿದ್ದ ಸ್ಥಳವನ್ನು ಯಾವ ಎಂಜಿನಿಯರನೂ ಇಷ್ಟು ಕರಾರುವಾಕ್ಕಾಗಿ ಆರಿಸಲಾರ.

ಮುಖ್ಯಸ್ಥರಿಗೆ ವಿವರಿಸಿದೆ. ಅವರ ಮುಖ ಬಿಗಿಯಾಯಿತು.

"ಅದನ್ನ ನಿನ್ನೆ ಜೋಡಿಸುವಾಗ್ಲೇ ನೋಡಿದ್ವಿ ಸಾರ್. ಎಲ್ರೂ ಕೈ ಮುಗಿದ್ವಿ. ಒಳ್ಳೇ ಶಕುನ ಅಂದ್ಕೊಂಡ್ವಿ. ನೀವೀಗ ದೇವರ ಅಕ್ಷರದ ಮೇಲೆ ತಪ್ಪು ಹಾಕ್ತೀರಲ್ಲ."

"ಅಕ್ಷರದ ಮೇಲೆ ಅಲ್ಲ ಸಾರ್, ಪೇಂಟಿನ ಮೇಲೆ."

"ಡಿಸೈನ್ ಫೇಲ್ ಆಯ್ತು ಅನ್ನೋಕೆ ಆಗದೆ ಪೇಂಟು ಅಂತೀರಿ. ನಾಳೆ ಮ್ಯಾನೇಜ್‌ಮೆಂಟ್ ಮುಂದೆ ನಾನೇನ್ ಹೇಳ್ಲಿ? ಶ್ರೀ ಬರೆದಿದ್ದಕ್ಕೆ ಬಿಲ್ಲೆಟ್ ವಕ್ರ ಆಯ್ತು ಅನ್ಲಾ? ಹೊರಗಡೆಯ ಟ್ಯೂಬೇ ತರಿಸ್ತಾರೆ ಅಷ್ಟೆ."

ಆಮೇಲೆ ದನಿ ತಗ್ಗಿಸಿದರು. ಕೆಟ್ಟ ಮನುಷ್ಯನಲ್ಲ. "ಒಂದ್ ಕೆಲ್ಸ ಮಾಡಿ. ನಿಮ್ಮ ದೊಡ್ಡೋರು ಅವರ ಬಾಯಲ್ಲೇ ಹೇಳ್ಲಿ, ತಪ್ಪು ಪೇಂಟಿಂದು, ಟೇಪರ್‌ದಲ್ಲ ಅಂತ. ಅವರು ಇಷ್ಟು ವರ್ಷದಲ್ಲಿ ಸುಳ್ಳು ಹೇಳಿದ್ದು ನಾನ್ ಕೇಳಿಲ್ಲ. ಅವರು ಹೇಳಿದ್ರೆ ಇನ್ನೊಂದು ಟ್ರಯಲ್ ಕೊಡ್ತೀನಿ. ನೀವ್ ಹೇಳಿದ್ರೆ ಕೊಡಲ್ಲ."

ನನ್ನ ಸತ್ಯಸಂಧತೆಯ ಬಗ್ಗೆ ಇಷ್ಟು ನೇರವಾದ ಅಭಿಪ್ರಾಯವನ್ನು ಯಾರೂ ಅಷ್ಟು ವಿನಯದಿಂದ ಹೇಳಿದ್ದಿಲ್ಲ.

ಮರುದಿನ ಬೆಳಿಗ್ಗೆ ಬಿಳೇಕಹಳ್ಳಿಯಿಂದ ಸ್ಕೂಟರಿನಲ್ಲಿ ಹೊರಟವನು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿಗೆ ಮೊದಲ ಸಲ ಕೃತಜ್ಞನಾಗಿದ್ದೆ. ಏನು ಹೇಳಬೇಕೆಂದು ಯೋಚಿಸಲು ಒಂದೊಂದು ಸಿಗ್ನಲ್ಲೂ ಸಮಯ ಕೊಟ್ಟಿತು. ಜಯನಗರ ಮುಟ್ಟಿದಾಗಲೂ ಏನೂ ಹೊಳೆದಿರಲಿಲ್ಲ.

ಹಿರಿಯರು ಶರ್ಟಿನ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಕೂತಿದ್ದರು. ಕಾಫಿಯನ್ನು ತಾವೇ ಮಾಡಿ ಫ್ಲಾಸ್ಕಿನಲ್ಲಿ ಹಾಕಿಟ್ಟಿದ್ದರು. ಬಿಲ್ಲೆಟ್ ವಾಲಿದ್ದನ್ನು ಫೋನಿನಲ್ಲೇ ಹೇಳಿದ್ದೆ. ಕಾರಣ ಮಾತ್ರ ಹೇಳಿರಲಿಲ್ಲ.

"ಕೂತ್ಕೋ. ಎಷ್ಟು ವಾಲಿತ್ತು?"

ಹೇಳಿದೆ.

"ನಾಲ್ಕೂ ಮುಖದಲ್ಲಿ ನೀರು ಸಮ ಇತ್ತಾ?"

"ಇತ್ತು ಸಾರ್. ನಾನೇ ನೋಡಿದೆ."

"ಹಂಗಾದ್ರೆ ಒಂದು ಮುಖ ಶಾಖ ಎಳೀತಿಲ್ಲ." ಕಣ್ಣು ಮುಚ್ಚಿಕೊಂಡರು. ಅವರು ಯೋಚಿಸುವುದು ಹಾಗೆಯೇ. ಕೊಳವೆಯನ್ನು ತಲೆಯೊಳಗೆ ನಿಲ್ಲಿಸಿಕೊಂಡು ಸುತ್ತ ನಡೆಯುತ್ತಾರೆ. "ಯಾವ ಮುಖ?"

"ಹೊರಬಾಗಿನ ಮುಖ ಸಾರ್."

"ಮೇಲಾ, ಕೆಳಗಾ?"

ನಾನು ಕಾಫಿ ಲೋಟದ ಕಡೆ ನೋಡುತ್ತ ಹೇಳಿದೆ: "ಬಾಯಿಂದ ಒಂದು ಗೇಣು ಕೆಳಗೆ."

ಅವರು ಕಣ್ಣು ತೆರೆದರು. ಮುಂದೆ ನಾನೇನೂ ಹೇಳಬೇಕಾಗಲಿಲ್ಲ. ರಸ್ತೆಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಟೊಮ್ಯಾಟೊ, ಈರುಳ್ಳಿ ಎಂದು ಕೂಗಿಸಿಕೊಂಡು ಹೋದ.

"ಕುಂಕುಮ ಆದ್ರೆ ತೊಳೆದುಹೋಗುತ್ತೆ ಅಲ್ವೇನಯ್ಯಾ," ಎಂದರು ಕೊನೆಗೆ. "ಅವಳು ಬರೆದದ್ದೆಲ್ಲ ತೊಳೆದೇ ಹೋಯ್ತು. ಒಂದೂ ಉಳೀಲಿಲ್ಲ. ಪ್ರತಿ ಸಲಾನೂ ನಾನೇ ಹೇಳ್ತಿದ್ದೆ, ನಿಲ್ಲಲ್ಲ ಅಂತ. ಇದೊಂದು ನಿಲ್ಲಲಿ ಅನ್ನಿಸ್ತು. ಫೋರ್ತ್ ಬ್ಲಾಕಿಗೆ ಹೋಗಿ ಚಿಕ್ಕ ಡಬ್ಬ ತಂದೆ. ಕೈ ನಡುಗುತ್ತಲ್ಲ, ಎರಡು ಸಲ ತೀಡಿದೆ."

"ಸಾರ್, ಅವರಿಗೆ ನಾನೇ ಏನಾದ್ರೂ ಹೇಳ್ತೀನಿ. ಪೆಟ್ಟಿಗೆ ಕಟ್ಟಿದವರು ಯಾರೋ ಬಳಿದ್ರು ಅಂತ..."

"ಯಾರೋ ಯಾಕೆ ಬಳೀತಾರೆ?" ದನಿ ಏರಿತು. ನಲವತ್ತು ವರ್ಷ ಪ್ರತಿ ಡ್ರಾಯಿಂಗಿನ ಕೆಳಗೂ 'ಹೊರಮೈಗೆ ಬಣ್ಣ, ಎಣ್ಣೆ ಸೋಕಕೂಡದು' ಎಂದು ಬರೆಸಿದವರು ಅವರು. ಹೆಬ್ಬೆರಳಿನ ಗುರುತು ಬಿದ್ದಿದ್ದಕ್ಕೆ ನನ್ನನ್ನು ಬೈದದ್ದಿದೆ. "ಕೊಳವೆ ವಿಷಯದಲ್ಲಿ ಸುಳ್ಳು ಹೇಳಬಾರದು ಕಣಯ್ಯ. ಅದರ ಪಕ್ಕದಲ್ಲಿ ಜನ ನಿಂತಿರ್ತಾರೆ. ಫೋನ್ ಹಾಕು."

ಹಾಕಿ ಸ್ಪೀಕರಿನಲ್ಲಿಟ್ಟೆ. ಆ ಕಡೆಯಿಂದ ಕಾರ್ಖಾನೆಯ ಗದ್ದಲ ಕೇಳಿಸುತ್ತಿತ್ತು.

"ನಮಸ್ಕಾರ ಸಾರ್, ಹೇಳಿ ಸಾರ್," ಎಂದರು ಮುಖ್ಯಸ್ಥರು. ನನ್ನೊಡನೆ ಮಾತಾಡುವಾಗ ಇಲ್ಲದ ಮೃದುತ್ವ ಅದರಲ್ಲಿತ್ತು.

"ನೋಡಪ್ಪ, ಆ ಪೇಂಟು ಬಳಿದಿದ್ದು ನಾನು. ನನ್ನ ಕೈಯಾರೆ. ನನ್ನ ಹೆಂಡತಿ ಕುಂಕುಮದಲ್ಲಿ ಬರೀತಿದ್ದಳು, ಅವಳು ಹೋದಳು, ನಾನು ಪೇಂಟಲ್ಲಿ ಬರೆದೆ. ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದವನೂ ಮಾಡದ ತಪ್ಪು. ಟೇಪರ್ ಸರಿ ಇದೆ. ತಪ್ಪು ನನ್ನದು."

"ದೇವರ ಹೆಸರಲ್ವಾ ಸಾರ್..."

"ದೇವರ ಹೆಸರೇ. ಆದರೆ ಪೇಂಟು ಪೇಂಟೇ. ಅದನ್ನ ಶಾಖ ದಾಟಲ್ಲ."

"ಆಯ್ತು ಸಾರ್. ಇನ್ನೊಂದು ಕಳ್ಸಿ. ಮ್ಯಾನೇಜ್‌ಮೆಂಟಿಗೆ ಏನೋ ಹೇಳ್ಕೋತೀನಿ."

"ಏನೋ ಬೇಡ. ನಾನು ಹೇಳಿದ್ದನ್ನೇ ಹೇಳಪ್ಪ."

ಫೋನ್ ಇಟ್ಟ ಮೇಲೆ ಅವರು ಎದ್ದು ಒಳಗೆ ಹೋದರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದೆ. ಸಕ್ಕರೆ ಹಾಕಿರಲಿಲ್ಲ, ಕೇಳುವ ಸಮಯವೂ ಅದಾಗಿರಲಿಲ್ಲ.

ಎರಡನೆಯ ಕೊಳವೆ ಅದೇ ಡ್ರಾಯಿಂಗಿನಂತೆ ತಯಾರಾಗಿ ಬಂತು. ಒಂದು ಗೆರೆಯನ್ನೂ ಬದಲಿಸಲು ಹಿರಿಯರು ಒಪ್ಪಲಿಲ್ಲ. ಹಾಲಿನಲ್ಲಿ ನಿಲ್ಲಿಸಿ ಅಳೆದೆವು. ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತು, ಹತ್ತಿಬಟ್ಟೆಗೆ ಥಿನ್ನರ್ ಹಾಕಿ, ಹೊರಮೈಯನ್ನು ಮೇಲಿನಿಂದ ಕೆಳಗಿನವರೆಗೆ ತಾವೇ ಒರೆಸಿದರು. ನಾನು ಒರೆಸುತ್ತೇನೆ ಎಂದರೆ ಬಿಡಲಿಲ್ಲ. ಮೇಲ್ಭಾಗಕ್ಕೆ ಬಂದಾಗ ಕೈ ಸ್ವಲ್ಪ ನಿಂತಿತು, ಮತ್ತೆ ಒರೆಸಿತು. ಪೆಟ್ಟಿಗೆಯ ಮರಕ್ಕಾದರೂ ಒಂದು ಬೊಟ್ಟು ಕುಂಕುಮ ಇಡಬಹುದಿತ್ತು, ಅದರಿಂದ ಯಾವ ಶಾಖಕ್ಕೂ ಅಡ್ಡಿಯಿರಲಿಲ್ಲ. ಅವರು ಇಡಲಿಲ್ಲ. ನಾನೂ ಸೂಚಿಸಲಿಲ್ಲ. ನಾನೇ ಮೊಳೆ ಹೊಡೆದೆ.

ಈ ಸಲ ಅವರೂ ಬಂದರು. ಮಂಡಿಗೆ ಪಟ್ಟಿ ಕಟ್ಟಿಕೊಂಡು ಕಬ್ಬಿಣದ ಮೆಟ್ಟಿಲನ್ನು ಒಂದೊಂದೇ ಹತ್ತಿದರು. ಮುಖ್ಯಸ್ಥರು ಹಿಂದೆ, ಬಿದ್ದರೆ ಹಿಡಿಯುವ ಅಂತರದಲ್ಲಿ, ಹಿಡಿದಂತೆ ಕಾಣದ ಹಾಗೆ ಬಂದರು. ಮೇಲೆ ನೀಲಿ ಕನ್ನಡಕ ಕೊಟ್ಟು ಕುರ್ಚಿ ಹಾಕಿಸಿದರು. ಹಿರಿಯರು ಕೂರಲಿಲ್ಲ. ಉಕ್ಕು ಬೀಳುವಾಗ ಎಲ್ಲರೂ ಕೊಳವೆಯ ಬಾಯಿ ನೋಡುತ್ತಿದ್ದರೆ ಅವರೊಬ್ಬರು ನೀರಿನ ಪೈಪಿನ ಮೇಲೆ ಅಂಗೈಯಿಟ್ಟು ನಿಂತಿದ್ದರು. ಅದರಿಂದ ಅವರಿಗೇನು ತಿಳಿಯುತ್ತಿತ್ತೋ ನಾನು ಕೇಳಲಿಲ್ಲ.

ಮುಖ್ಯಸ್ಥರು ವೇಗವನ್ನು ಹಂತಹಂತವಾಗಿ ಏರಿಸಿದರು. ಹಳೆಯ ಕೊಳವೆಯಲ್ಲಿ ಉಕ್ಕಿನ ಚರ್ಮ ಹರಿಯುತ್ತಿದ್ದ ವೇಗ ಬಂದಾಗ ಕೆಳಗಿದ್ದವರನ್ನೆಲ್ಲ ದೂರ ಸರಿಸಿದರು. ಅದನ್ನೂ ದಾಟಿಸಿ ಓಡಿಸಿದರು. ಕೆಳಗಿನಿಂದ ಯಾರೂ ಕೈ ಬೀಸಲಿಲ್ಲ. ಪಾಳಿ ಮುಗಿಯುವವರೆಗೆ ಯಂತ್ರ ಓಡಿತು.

ಬಿಲ್ಲೆಟ್ಟುಗಳು ಚೌಕವಾಗಿದ್ದವು. ಕಾರ್ಖಾನೆಯ ಮೂರು ಸಾಲುಗಳಲ್ಲೂ ಈಗ ಆ ಟೇಪರಿನ ಕೊಳವೆಯೇ ಇದೆ.